ಸಂಖ್ಯೆ ಹೇಳಿದರೆ ಸಾಕು, ತೆರೆಯುವ ಬಾಗಿಲುಗಳು: ಸಚಿವರಿಗೊಂದು ಬಹಿರಂಗ ಪತ್ರ

ಮಾಹಿತಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಕಾರ್ಡಿಗೆ ಇನ್ನೊಂದು ಪ್ರತಿ ಬೇಕಾಗಿ ಕಳೆದ ತಿಂಗಳು ಬೀಗದ ಕೈ ಮಾಡಿಕೊಡುವ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವರು ನನ್ನ ಹೆಸರು, ವಿಳಾಸ ಯಾವುದನ್ನೂ ಕೇಳದೆ, ಅಂಗೈಯಗಲದ ಯಂತ್ರಕ್ಕೆ ಮೊದಲು ನನ್ನ ಕಾರ್ಡನ್ನೂ ಬಳಿಕ ಒಂದು ಖಾಲಿ ಕಾರ್ಡನ್ನೂ ತಾಗಿಸಿ, ನಿಮಿಷದೊಳಗೆ ನಕಲನ್ನು ಕೈಗಿಟ್ಟರು. ಗೇಟು ಎರಡಕ್ಕೂ ಒಂದೇ ರೀತಿ ತೆರೆಯಿತು. ಕೆಲಸವಾಯಿತೆಂಬ ಸಮಾಧಾನಕ್ಕಿಂತ ಆತಂಕವೇ ಹೆಚ್ಚಾದ್ದರಿಂದ, ಸರ್ಕಾರಿ ಕಟ್ಟಡಗಳ ಪ್ರವೇಶ ಕಾರ್ಡುಗಳ ಬಗ್ಗೆ ಈ ಪತ್ರ.

125 ಕಿಲೋಹರ್ಟ್ಸ್ ರೇಡಿಯೋ ಆವರ್ತನದ ಹಳೆಯ ಬಗೆಯ ಕಾರ್ಡುಗಳಲ್ಲಿ ಹೆಚ್ಚಿನವು ರೀಡರಿನ, ಅಂದರೆ ಕಾರ್ಡು ಓದುವ ಯಂತ್ರದ, ಹತ್ತಿರ ಬಂದೊಡನೆ, ಕೇಳಿದವರು ಯಾರೆಂದು ನೋಡದೆ, ತಮ್ಮ ಸ್ಥಿರ ಸಂಖ್ಯೆಯನ್ನು ಹೇಳಿಬಿಡುತ್ತವೆ. ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕೂಗುವ ದೆವ್ವಕ್ಕೆ ಅಂಜಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದವರು ನಾವು. ಅಷ್ಟು ಅನುಮಾನವೂ ಈ ರೀಡರುಗಳಿಗಿಲ್ಲ. ಅದಕ್ಕಿಂತ ಹೊಸ ಬಗೆಯದಾದ 13.56 ಮೆಗಾಹರ್ಟ್ಸ್‌ನ ಕಾರ್ಡು ಎಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಆ ಬಗೆಯದೇ ಆದ ಮೈಫೇರ್ ಕ್ಲಾಸಿಕ್ ಕಾರ್ಡಿನ 48 ಬಿಟ್ ಕೀಲಿಯ ರಕ್ಷಣೆಯನ್ನು ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಭೇದಿಸಿದರು. ಆ ಸಂಶೋಧನೆಯ ಪ್ರಕಟಣೆಯನ್ನು ತಡೆಯಲು ಚಿಪ್ ತಯಾರಕರು ನ್ಯಾಯಾಲಯಕ್ಕೆ ಹೋಗಿ ಸೋತರು.

ನಕಲನ್ನು ತಡೆಯುವ ದಾರಿ ಗೊತ್ತಿರುವುದೇ. ರೀಡರು ಪ್ರತಿ ಬಾರಿಯೂ ಹೊಸದೊಂದು ಯಾದೃಚ್ಛಿಕ ಸಂಖ್ಯೆಯನ್ನು ಕಳಿಸಬೇಕು, ಕಾರ್ಡು ತನ್ನೊಳಗಿನ ಗುಪ್ತ ಕೀಲಿಯಿಂದ ಎಇಎಸ್ ಎಂಬ ಗೂಢಲಿಪೀಕರಣ ವಿಧಾನದಲ್ಲಿ ಅದಕ್ಕೆ ಉತ್ತರ ಕೊಡಬೇಕು. ಕೀಲಿ ಹೊರಗೆ ಬರುವುದೇ ಇಲ್ಲ, ರೀಡರು ಕಳಿಸುವ ಸಂಖ್ಯೆಯೂ ಪ್ರತಿ ಬಾರಿ ಬದಲಾಗುವುದರಿಂದ ಕದ್ದು ಕೇಳಿದ ಉತ್ತರ ಮರುಕ್ಷಣಕ್ಕೆ ಕೆಲಸಕ್ಕೆ ಬಾರದು. ಪ್ರತಿ ಕಾರ್ಡಿಗೂ ಬೇರೆ ಕೀಲಿಯಿರಬೇಕು, ಇಲ್ಲವಾದರೆ ಒಂದು ಸೋರಿದರೆ ಎಲ್ಲವೂ ಸೋರಿದಂತೆ.

ಆದರೂ ನಕಲು ಹುಟ್ಟೀತೆಂದೇ ಭಾವಿಸಿ ಅದನ್ನು ಪತ್ತೆಹಚ್ಚುವ ಏರ್ಪಾಡು ಇರಬೇಕು. ವಿಕಾಸಸೌಧದಲ್ಲಿ ತೋರಿಸಿದ ಕಾರ್ಡು ಹತ್ತೇ ನಿಮಿಷದಲ್ಲಿ ಯಲಹಂಕದ ಕಚೇರಿಯೊಂದರಲ್ಲಿ ಕಂಡರೆ, ಮೇಖ್ರಿ ವೃತ್ತದ ಟ್ರಾಫಿಕ್ ಬಲ್ಲ ಯಾರಿಗಾದರೂ ಅದು ಮೋಸವೆಂದು ತಿಳಿಯುತ್ತದೆ. ಕಚೇರಿಗಳ ದಾಖಲೆಗಳು ಒಂದೆಡೆ ಸೇರಿದ್ದರೆ ಮಾತ್ರ ಕಂಪ್ಯೂಟರಿಗೂ ತಿಳಿದೀತು. ಒಂದೇ ಕಟ್ಟಡದೊಳಗಿನ ನಕಲಿಗೆ ಬೇರೆ ಉಪಾಯವಿದೆ: ಪ್ರತಿ ಪ್ರವೇಶದಲ್ಲೂ ರೀಡರು ಕಾರ್ಡಿಗೆ ಹೊಸ ಸಂಖ್ಯೆಯೊಂದನ್ನು ಬರೆಯುತ್ತದೆ, ಅಸಲಿ ಮತ್ತು ನಕಲಿಗಳಲ್ಲಿ ಹಿಂದೆ ಬಿದ್ದದ್ದು ಹಳೆಯ ಸಂಖ್ಯೆಯೊಂದಿಗೆ ಸಿಕ್ಕಿಬೀಳುತ್ತದೆ. ಎರಡು ಕಾರ್ಡುಗಳಿವೆ ಎಂದಷ್ಟೇ ಇದು ಹೇಳುತ್ತದೆ, ಅಸಲಿ ಯಾವುದೆಂದು ಹೇಳುವುದಿಲ್ಲ. ಸಿಕ್ಕಿಬಿದ್ದವರು ಅಮಾಯಕ ನೌಕರರೇ ಆಗಿರಬಹುದಾದ್ದರಿಂದ ವಿಚಾರಣೆಗೆ ಮುನ್ನ ಯಾರನ್ನೂ ದಂಡಿಸಬಾರದು.

ಟೆಂಡರಿನಲ್ಲಿ ‘ಆರ್‌ಎಫ್‌ಐಡಿ ಕಾರ್ಡು’ (ರೇಡಿಯೋ ಅಲೆಯಿಂದ ಓದುವ ಕಾರ್ಡು) ಎಂದಷ್ಟೇ ಬರೆದರೆ ಅತಿ ಕಡಿಮೆ ದರದವರು ಅತಿ ದುರ್ಬಲ ಕಾರ್ಡನ್ನೇ ಕೊಡುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. ಆದ್ದರಿಂದ ಪ್ರವೇಶ ಕಾರ್ಡುಗಳ ಮುಂದಿನ ಖರೀದಿಗೆ ಮುನ್ನ ಮೇಲಿನ ಷರತ್ತುಗಳನ್ನು ತಾಂತ್ರಿಕ ವಿವರಣೆಯಲ್ಲಿ ಕಡ್ಡಾಯಗೊಳಿಸುವ ಸುತ್ತೋಲೆಯನ್ನು ಹೊರಡಿಸಬೇಕೆಂದೂ, ಸಂಖ್ಯೆಯೊಂದನ್ನೇ ನಂಬಿ ತೆರೆಯುವ ರೀಡರುಗಳು ಈಗ ಯಾವ ಸರ್ಕಾರಿ ಕಟ್ಟಡಗಳಲ್ಲಿವೆಯೆಂದು ಲೆಕ್ಕ ಹಾಕಿಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಾಗರಿಕ