ಬಾಡಿಗೆ ಇಸ್ಕೊಂಡು ಈಗ ಖಾಲಿ ಮಾಡಿ ಅಂದ್ರೆ?

ಸಂಪಾದಕರೇ,

ಶಿವರಾಂಪೇಟೆಲಿ ನಮ್ಮ ಭಾವಂದು ಮೊಬೈಲ್ ರಿಪೇರಿ ಅಂಗಡಿ, ಓನರ್‌ಗೆ ಹೇಳ್ದೆ ಅರ್ಧ ಜಾಗ ಇನ್ನೊಬ್ರಿಗೆ ಬಾಡಿಗೆಗೆ ಕೊಟ್ರು, ತಪ್ಪೇ ಬಿಡಿ, ಹಂಗ್ ಮಾಡಿದ್ರೆ ಲೀಸ್ ರದ್ದು ಅಂತ ಅಗ್ರಿಮೆಂಟಲ್ಲೇ ಇದೆ. ಆದ್ರೆ ವಿಷಯ ಗೊತ್ತಾದ್ಮೇಲೂ ಓನರ್ ಐದು ತಿಂಗಳು ತುಟಿ ಪಿಟಕ್ ಅನ್ನದೆ ಬಾಡಿಗೆ ಇಸ್ಕೊಂಡು ಈಗ ಖಾಲಿ ಮಾಡಿ ಅಂತವ್ರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ 112ನೇ ಸೆಕ್ಷನ್ ನೋಡಿ, ತಪ್ಪು ಗೊತ್ತಿದ್ದೂ ಅದಾದ್ಮೇಲಿನ ತಿಂಗಳುಗಳ ಬಾಡಿಗೆ ತಗೊಂಡ್ರೆ ಆ ಕಾರಣಕ್ಕೆ ಲೀಸ್ ಮುರಿಯೋ ಹಕ್ಕು ಬಿಟ್ಕೊಟ್ಟಂಗೆ. ಬರೀ ಹಳೇ ಬಾಕಿ ಇಸ್ಕೊಂಡ್ರೆ ಹಂಗಾಗಲ್ಲ, ಕೋರ್ಟಿಗೆ ಕೇಸ್ ಹಾಕಿದ್ಮೇಲೆ ತಗೊಂಡ್ರೂ ಆಗಲ್ಲ. ಲೀಸ್ ಅವಧಿನೇ ಮುಗಿದಿದ್ರೆ ಅದು ಬೇರೆ ಕತೆ, ಇಲ್ಲಿ ಇನ್ನೂ ಎರಡು ವರ್ಷ ಇದೆ.

– ಒಬ್ಬ ಓದುಗ, ಕುವೆಂಪುನಗರ, ಮೈಸೂರು