ಆ ಮಡಕೆ ಚೂರು ಎಲ್ಲಿ ಸಿಕ್ಕಿತ್ತು, ನೆನಪಿದೆಯಾ?

ಪ್ರೀತಿಯ ಗೆಳೆಯಾ,

ಚಿತ್ರದುರ್ಗದಲ್ಲಿ ಮೂರು ದಿನದಿಂದ ಜಡಿಮಳೆ. ಮನೆಯಲ್ಲೇ ಕೂತು ಒಂದು ಸಾಹಸ ಕಾದಂಬರಿ ಓದಿದೆ. ನಿನ್ನೆ ರಾತ್ರಿ ಮುಗಿಯಿತು. ಆಮೇಲೆ ನಿದ್ದೆ ಬರಲಿಲ್ಲ.

ಕಥೆಯ ಹುಡುಗ ಆಗಷ್ಟೇ ಉತ್ಖನನದ ಕೆಲಸಕ್ಕೆ ಸೇರಿದವನು. ಚಿನ್ನ ಸಿಗಬೇಕು, ಪೇಪರಿನಲ್ಲಿ ಹೆಸರು ಬರಬೇಕು ಅನ್ನುವ ಆಸೆ ಅವನಿಗೆ. ಸುರಂಗ, ಕಳ್ಳರು, ಬೆನ್ನಟ್ಟುವುದು ಎಲ್ಲ ಇದೆ, ಚೆನ್ನಾಗಿಯೂ ಇದೆ. ಆದರೆ ನಾನು ಪುಸ್ತಕ ಕೆಳಗಿಟ್ಟು ಸುಮ್ನೆ ಕೂತದ್ದು ಬೇರೆ ಕಡೆ. ಕಳ್ಳರು ರಾತ್ರೋರಾತ್ರಿ ಒಂದು ಹಳೆಯ ಸಮಾಧಿ ಅಗೆದು ಮಣಿಗಳನ್ನು ಒಯ್ದಿರುತ್ತಾರೆ. ಬೆಳಿಗ್ಗೆ ಹುಡುಗ ಆ ಮಣ್ಣಿನ ರಾಶಿಯ ಮುಂದೆ ಕೂತು ಜರಡಿ ಹಿಡಿಯುತ್ತಾನೆ. ಚೂರುಗಳೇನೋ ಸಿಗುತ್ತವೆ. ಯಾವುದು ಮೇಲಿನ ಪದರದ್ದು, ಅಂದರೆ ಈಚಿನದು, ಯಾವುದು ಕೆಳಗಿನ ಹಳೆಯದು ಅಂತ ಗೊತ್ತಾಗುವುದಿಲ್ಲ. ಅವನಿಗೆ ಅಳು ಬರುತ್ತದೆ. ಮಣಿ ಹೋದದ್ದಕ್ಕಲ್ಲ ಕಣೋ, ಪದರ ಕಲೆಸಿಹೋದದ್ದಕ್ಕೆ. ಅವನು ದೊಡ್ಡವನಾದದ್ದು ಆ ಬೆಳಿಗ್ಗೆಯೇ ಅನ್ನಿಸಿತು ನನಗೆ.

ಪದರ ಅಂದರೆ ಎಷ್ಟು ದೊಡ್ಡ ವಿಷಯ ಅಂತ ನಮ್ಮ ಜಿಲ್ಲೆಯಲ್ಲೇ ನೋಡು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆಸಿದರು. ಅಲ್ಲಿನ ಅಶೋಕನ ಶಾಸನ 1892ರಲ್ಲೇ ಶಾಸನಗಳನ್ನು ಹುಡುಕುತ್ತಿದ್ದ ಬಿ.ಎಲ್. ರೈಸ್ ಕಣ್ಣಿಗೆ ಬಿದ್ದಿತ್ತು. ಆದರೆ ವೀಲರ್‌ಗೆ ಮಣ್ಣಿನೊಳಗಿನ ಕಾಲದ ಸುಳಿವು ಕೊಟ್ಟದ್ದು ಮಡಕೆ ಚೂರು! ಒಳಗಡೆ ಸುತ್ತಲೂ ಸಣ್ಣ ಗೀರುಗಳ ಸಾಲಿರುವ ಒಂದು ಬಗೆಯ ತಟ್ಟೆ. ಅದೇ ಬಗೆಯದು 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಇಟಲಿಯ ಮಡಕೆಗಳ ಜೊತೆ ಸಿಕ್ಕಿತ್ತು. ಇಟಲಿಯ ಮಡಕೆಯ ಕಾಲ ಗೊತ್ತಿತ್ತು, ಅದರಿಂದ ಇದರದ್ದೂ ತಿಳಿಯಿತು. ಅದರ ಕೆಳಗೆ ಕಬ್ಬಿಣ ಬಳಸುತ್ತಿದ್ದ, ಕಲ್ಲುಗೋರಿ ಕಟ್ಟಿದ ಜನ. ಇನ್ನೂ ಕೆಳಗೆ ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿಯವರು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ಇಲ್ಲೇ ಊರ ಪಕ್ಕದ ಚಂದ್ರವಳ್ಳಿಗೆ ಹೋಗಿದ್ದೆವು, ಅಲ್ವಾ? ಮಳೆ ಆಗಷ್ಟೇ ನಿಂತಿತ್ತು. ನೀನು ಕಡ್ಡಿಯಲ್ಲಿ ಕೆದಕಿದೆ, ನಾನು ಎತ್ತಿಕೊಂಡೆ. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಚೂರು. ತಂಗಿ ಕುಂಟೆಬಿಲ್ಲೆಗೆ ಕೇಳಿದರೂ ಕೊಡದೆ ಕಂಪಾಸ್ ಬಾಕ್ಸಿನಲ್ಲಿ ಬಚ್ಚಿಟ್ಟೆ. ಇವತ್ತಿಗೂ ನನ್ನ ಹತ್ತಿರವೇ ಇದೆ. ಚಂದ್ರವಳ್ಳಿ ಏನು ಸಾಮಾನ್ಯ ಜಾಗವಾ? ಶಾತವಾಹನರ ನಾಣ್ಯಗಳ ಜೊತೆಗೆ ರೋಮ್‌ನ ಬೆಳ್ಳಿ ನಾಣ್ಯವೂ ಸಿಕ್ಕ ಮಣ್ಣು ಅದು. ಆ ಮಣ್ಣು ಹೇಳುವ ಕಥೆಯಿಂದ ನಾವು ಒಂದು ಮಾತನ್ನು ಕಿತ್ತುಕೊಂಡು ಬಂದೆವು. ಕಥೆಯ ಕಳ್ಳರು ಮಾಡಿದ್ದೂ ಅದನ್ನೇ. ಹುಡುಗತನ, ತಿಳಿದಿರಲಿಲ್ಲ, ನಿಜ. ಆದರೂ ನಿನ್ನೆ ಅದನ್ನು ಕೈಯಲ್ಲಿ ಹಿಡಿದಾಗ ತುಂಬಾ ಸಂಕಟವಾಯಿತು.

ಮಳೆ ಬಿಟ್ಟ ಮೇಲೆ ಅದನ್ನು ಇಲ್ಲಿನ ಸರ್ಕಾರಿ ಮ್ಯೂಸಿಯಂಗೆ ಒಪ್ಪಿಸುತ್ತೇನೆ. ಎಲ್ಲಿ ಸಿಕ್ಕಿತು ಅಂತ ಅವರು ಮೊದಲು ಕೇಳುತ್ತಾರೆ. ನನಗೆ ಒಂದು ಹುಣಸೆಮರ ಮಾತ್ರ ನೆನಪಿದೆ. ಕೆರೆ ನಮ್ಮ ಎಡಕ್ಕಿತ್ತಾ, ಬಲಕ್ಕಿತ್ತಾ? ಎಷ್ಟು ಆಳ ಕೆದಕಿದ್ದೆ ನೀನು, ಗೇಣು ಇತ್ತಾ? ನೆನಪಿರುವಷ್ಟು ಒಂದು ಹಾಳೆಯಲ್ಲಿ ಗೀಚಿ ಕಳಿಸು. ಅಲ್ಲಿಯವರೆಗೆ ಚೂರು ನನ್ನ ಮೇಜಿನ ಮೇಲೇ ಇರುತ್ತದೆ.

ನಿನ್ನ ಗೆಳೆಯ