ನೆಪೋಲಿಯನ್ ಮಂಗಳೂರಿಗೆ ಬಂದಿದ್ದರೆ? ಹತ್ತನೇ ತರಗತಿ ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಕಳೆದ ವಾರ ಮಕ್ಕಳ ಸಮಾಜ ವಿಜ್ಞಾನದ ನೋಟ್ಸ್ ನೋಡಿ ನಿಮ್ಮಲ್ಲಿ ಕೆಲವರಿಗೆ ಗಾಬರಿಯಾಗಿದೆ. ‘1799ರಲ್ಲಿ ನೆಪೋಲಿಯನ್ ಮಂಗಳೂರಿಗೆ ಬಂದಿದ್ದರೆ’ ಅಂತ ತಲೆಬರಹ ಹಾಕಿಕೊಂಡು ಮಗ ನಾಲ್ಕು ಪುಟ ಬರೆದಿದ್ದಾನೆ, ಇದು ಯಾವ ಪಾಠದಲ್ಲಿದೆ ಅಂತ ಒಬ್ಬ ತಾಯಿ ಫೋನ್ ಮಾಡಿ ಕೇಳಿದರು. ಇನ್ನೊಬ್ಬರು ನನ್ನ ಕೋಣೆಗೇ ಬಂದು, “ಮೇಡಂ, ಅತ್ತೆಗೆ ಮೀಸೆ ಬಂದ್ರೆ ಚಿಕ್ಕಪ್ಪ ಅನ್ನಬಹುದಿತ್ತು. ಆಗಿದ್ದನ್ನ ಓದೋಕೇ ಮಕ್ಕಳಿಗೆ ಟೈಮ್ ಸಾಲ್ತಿಲ್ಲ, ಆಗದೇ ಇರೋದನ್ನ ಯಾಕೆ ಬರೆಸ್ತೀರಾ?” ಅಂದರು. ನ್ಯಾಯವಾದ ಪ್ರಶ್ನೆ. ಎಲ್ಲರಿಗೂ ಒಟ್ಟಿಗೇ ಹೇಳೋಣ ಅಂತ ಈ ಪತ್ರ. ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಬರೆಯಲು ಹೇಳಿದ್ದು ನಾನೇ. ಈ ತರಗತಿಗೆ ಸಮಾಜ ತೆಗೆದುಕೊಳ್ಳುವವಳೂ ನಾನೇ. ಮೈಸೂರು ಯುದ್ಧಗಳು ಪಠ್ಯದಲ್ಲೇ ಇವೆ, ಪ್ರತಿ ವರ್ಷ ಹೇಳಿಕೊಡುತ್ತೇನೆ. ಮಕ್ಕಳು ನಾಲ್ಕು ಯುದ್ಧ, ಮೂರು ಒಪ್ಪಂದ, ಇಸವಿಗಳು ಎಲ್ಲವನ್ನೂ ಬಾಯಿಪಾಠ ಮಾಡುತ್ತಾರೆ. ಟಿಪ್ಪು ಯಾಕೆ ಸೋತ ಅಂತ ಕೇಳಿ, ‘ಇಂಗ್ಲಿಷರಿಗೆ ಬಲ ಜಾಸ್ತಿ ಇತ್ತು’ ಅನ್ನುತ್ತಾರೆ. ಜಾಸ್ತಿ ಇತ್ತು ಅಂತ ಹೇಗೆ ಗೊತ್ತು ಅಂದರೆ ‘ಗೆದ್ದರಲ್ಲ ಮೇಡಂ’ ಅನ್ನುತ್ತಾರೆ. ಅಲ್ಲಿಗೆ ಮುಗೀತು. ಎಲ್ಲ ಹಣೆಬರಹದ ಹಾಗೆ ಮೊದಲೇ ಬರೆದಿಟ್ಟಿತ್ತು, ಆಗಿನ ಜನ ಸುಮ್ನೆ ಅದರಂತೆ ನಡೆದುಕೊಂಡರು ಅಂತ ಮಕ್ಕಳ ತಲೆಯಲ್ಲಿ ಕೂತುಬಿಟ್ಟಿದೆ. ಅದನ್ನು ಅಲ್ಲಾಡಿಸಬೇಕು ಅನ್ನುವುದೇ ನನ್ನ ಆಸೆ.

ಹಾಗಾಗಿ ಈ ಸಲ ಒಂದು ಕಾಗದದಿಂದ ಶುರು ಮಾಡಿದೆ. 1798ರ ಮೇ ತಿಂಗಳಲ್ಲಿ ನೆಪೋಲಿಯನ್ ಫ್ರಾನ್ಸಿನ ತೂಲೋನ್ ಬಂದರಿನಿಂದ ಹೊರಟ, ಜುಲೈನಲ್ಲಿ ಈಜಿಪ್ಟಿಗೆ ಇಳಿದ. ಜೊತೆಗೆ ಮೂವತ್ತು ಸಾವಿರಕ್ಕೂ ಮೀರಿದ ಸೈನ್ಯ. ಇಂಗ್ಲಿಷರಿಗೆ ಭಾರತದ ದಾರಿ ತಪ್ಪಿಸುವುದು ಅವನ ಲೆಕ್ಕಾಚಾರಗಳಲ್ಲಿ ಒಂದು. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಕಾಗದ ಬರೆದ. ನಾನು ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ನಿಮ್ಮನ್ನು ಇಂಗ್ಲಿಷರಿಂದ ಬಿಡಿಸುವ ಮನಸ್ಸಿದೆ, ನಂಬಿಕಸ್ಥ ಮನುಷ್ಯನೊಬ್ಬನನ್ನು ಕಳಿಸಿ ಅನ್ನುವುದು ಅದರ ಸಾರ. ಆ ಕಾಗದ ಶ್ರೀರಂಗಪಟ್ಟಣ ಮುಟ್ಟಲೇ ಇಲ್ಲ. ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಅದೇ ಮೇ ತಿಂಗಳಲ್ಲಿ ನೆಪೋಲಿಯನ್ ಪ್ಯಾಲೆಸ್ಟೈನಿನ ಆಕ್ರೆ ಕೋಟೆಯನ್ನು ಗೆಲ್ಲಲಾಗದೆ ಮುತ್ತಿಗೆ ಬಿಟ್ಟು ವಾಪಸ್ ಹೊರಟಿದ್ದ.

ಇದನ್ನು ಹೇಳಿ ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು, “ಮೇಡಂ, ಆ ಕಾಗದ ಸಿಕ್ಕಿದ್ದಿದ್ರೆ?” ಇಡೀ ವರ್ಷ ಬಾಯಿ ಬಿಡದ ಹುಡುಗ ಕೇಳಿದ್ದು ಅದು. ಹಾಗಾದರೆ ಬರೀರಿ ಅಂದೆ. ಆದರೆ ಮನಸ್ಸಿಗೆ ಬಂದ ಹಾಗೆ ಬರೆಯೋ ಹಾಗಿಲ್ಲ. ಒಂದೇ ಒಂದು ಸಂಗತಿ ಬದಲಾಯಿಸಬೇಕು, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಆಗ ಇದ್ದ ಹಡಗು, ಆಗ ಇದ್ದ ದಾರಿ, ಆಗ ಇದ್ದ ದುಡ್ಡು ಮಾತ್ರ ಬಳಸಬೇಕು. ಪಕ್ಕದಲ್ಲಿ ಕೂತವರು ‘ಅದು ಹೇಗೆ ಸಾಧ್ಯ?’ ಅಂದರೆ ಆಧಾರ ತೋರಿಸಬೇಕು.

ಆಮೇಲೆ ನಡೆದದ್ದನ್ನು ನೀವೂ ನೋಡಬೇಕಿತ್ತು. ಒಬ್ಬಳು ನೆಪೋಲಿಯನ್‌ನ ಹಡಗುಗಳನ್ನು ಸೂಯೆಜ್ ಕಾಲುವೆಯಲ್ಲಿ ತಂದಳು. ತಕ್ಷಣ ಪಕ್ಕದವಳು, ಕಾಲುವೆ ತೆರೆದಿದ್ದು 1869ರಲ್ಲಿ ಕಣೇ, ಇನ್ನೂ ಎಪ್ಪತ್ತು ವರ್ಷ ಇದೆ ಅಂದಳು. ಸರಿ, ಹಾಗಾದರೆ ಕೆಂಪು ಸಮುದ್ರದಲ್ಲಿ ಬೇರೆ ಹಡಗು ಬೇಕು. ಇದ್ದ ಹಡಗುಗಳ ಕಥೆ ಏನು? ಈಜಿಪ್ಟಿನ ಅಬೂಕಿರ್ ಕೊಲ್ಲಿಯಲ್ಲಿ 1798ರ ಆಗಸ್ಟ್ 1ರ ರಾತ್ರಿ ಇಂಗ್ಲಿಷರ ನೌಕಾಪಡೆಯ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನೇ ಹಾಳು ಮಾಡಿದ್ದ. ಇಬ್ಬರು ಹುಡುಗರು ಅಟ್ಲಾಸ್ ಮೇಲೆ ಹೊಲಿಗೆ ದಾರ ಇಟ್ಟು, ಸೂಯೆಜ್‌ನಿಂದ ಏಡನ್ ಸುತ್ತಿ ಮಂಗಳೂರಿನವರೆಗೆ ಬಗ್ಗಿಸಿ ಬಗ್ಗಿಸಿ ಅಳೆದರು. ದಾರವನ್ನು ನೆಟ್ಟಗೆ ಮಾಡಿ ಸ್ಕೇಲಿಗೆ ಹಿಡಿದರೆ 5,000 ಕಿಲೋಮೀಟರ್ ದಾಟಿತು. ಅಷ್ಟು ದೂರ ಸಾವಿರಾರು ಜನರಿಗೆ ಕುಡಿಯುವ ನೀರು ಎಲ್ಲಿಂದ ಅಂತ ಒಬ್ಬ ಕೇಳಿದ. ಯಾರಿಗೂ ಉತ್ತರ ಹೊಳೆಯಲಿಲ್ಲ. ಕೊನೆಗೆ ಮಲ್ಪೆಯಲ್ಲಿ ಅಜ್ಜನ ಮನೆ ಇರುವ ಹುಡುಗಿ ಎದ್ದು, ಆಕ್ರೆ ಬಿಟ್ಟು ಜೂನ್‌ನಲ್ಲಿ ಹೊರಟರೂ ಮಳೆಗಾಲದ ಕಡಲಲ್ಲಿ ನಮ್ಮ ದಡಕ್ಕೆ ಬರೋಕಾಗಲ್ಲ, ಈಗಲೂ ಜೂನ್ ಜುಲೈನಲ್ಲಿ ದೊಡ್ಡ ಬೋಟುಗಳು ಮೀನಿಗೆ ಹೋಗಲ್ಲ ಅಂದಳು. ಪಠ್ಯಪುಸ್ತಕದಲ್ಲಿ ಇಲ್ಲದ ಮಾತು ಅದು. ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹೀಗೆ ನೆಪೋಲಿಯನ್ ಬರೋದು ಕಷ್ಟ ಅಂತ ಮಕ್ಕಳೇ ತೀರ್ಮಾನ ಮಾಡಿದರು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಹಾಗಾದರೆ ಏನು ಬದಲಾಗಬಹುದಿತ್ತು ಅಂತ ಹುಡುಕುತ್ತಾ ಹೋಗಿ ಕಾವೇರಿ ಹತ್ತಿರ ಬಂದು ನಿಂತರು. ನನಗೆ ತುಂಬಾ ಹಿಡಿಸಿದ್ದು ಈ ಭಾಗ. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ನಮ್ಮ ಅರಕೆರೆ ಹತ್ತಿರ ಯುದ್ಧ ಗೆದ್ದ. ಗೆದ್ದರೂ ಶ್ರೀರಂಗಪಟ್ಟಣಕ್ಕೆ ಕೈ ಹಾಕಲಾಗಲಿಲ್ಲ. ಮಳೆ ಹಿಡಿದಿತ್ತು, ಎತ್ತುಗಳು ಸಾಯುತ್ತಿದ್ದವು, ಸೈನಿಕರಿಗೆ ಅನ್ನ ಇರಲಿಲ್ಲ. ಎಳೆಯಲು ಎತ್ತಿಲ್ಲದೆ ಕನ್ನಂಬಾಡಿ ಹತ್ತಿರ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳು ಮಾಡಿ ಬೆಂಗಳೂರಿನ ಕಡೆ ಹೊರಟ. ದಾರಿಯಲ್ಲಿ ಮರಾಠರ ಪಡೆ ಸಿಕ್ಕಿ ಅವರ ಹತ್ತಿರ ಇದ್ದ ದವಸ ಸಿಕ್ಕಿದ್ದಕ್ಕೆ ಬದುಕಿದ. ಆ ಹಳೇ ಕನ್ನಂಬಾಡಿ ಈಗ ಕೆಆರ್‌ಎಸ್ ಹಿನ್ನೀರಿನ ಅಡಿಯಲ್ಲಿದೆ.

ಎಂಟು ವರ್ಷ ಆದ ಮೇಲೆ ಅದೇ ಊರು, ಅದೇ ನದಿ. 1799ರ ಏಪ್ರಿಲ್ ಮೊದಲ ವಾರ ಇಂಗ್ಲಿಷರ ಜನರಲ್ ಹ್ಯಾರಿಸ್ ಬಂದು ಮುತ್ತಿಗೆ ಹಾಕಿದ. ಅವನ ಪಾಳೆಯದಲ್ಲೂ ಅಕ್ಕಿ ಕಡಿಮೆಯಾಗಿತ್ತು. ಬೇಸಿಗೆ, ನದಿಯಲ್ಲಿ ನೀರು ಕಡಿಮೆ. ಮೇ 4ರ ಮಧ್ಯಾಹ್ನ ಸೈನಿಕರು ಬಂಡೆಗಳ ನಡುವೆ ನೀರಿನಲ್ಲಿ ನಡೆದೇ ದಾಟಿ ಒಡೆದ ಗೋಡೆ ಹತ್ತಿದರು. ಇನ್ನು ಕೆಲವೇ ವಾರ ತಡೆದಿದ್ದರೆ ನದಿ ತುಂಬುತ್ತಿತ್ತು. ಆಗ ಕೆಆರ್‌ಎಸ್ ಇರಲಿಲ್ಲ, ಗೇಟು ತೆಗೆಯೋದು ಮುಚ್ಚೋದು ಇಲ್ಲ, ಕೊಡಗಿನಲ್ಲಿ ಮಳೆಯಾದರೆ ನೀರು ನೇರ ಇಲ್ಲಿಗೇ. ಮಕ್ಕಳು ಬರೆದದ್ದರಲ್ಲಿ ಗಟ್ಟಿಯಾಗಿ ನಿಂತ ‘ಆಗಿದ್ದರೆ’ ಇದೇ. ಯಾಕೆಂದರೆ 1791ರಲ್ಲಿ ಹಾಗೆ ಆಗಿತ್ತು, ಆಧಾರ ಇದೆ.

ಈಗ ಸ್ವಲ್ಪ ಸೂಕ್ಷ್ಮದ ಮಾತು. ಟಿಪ್ಪು ಅಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಅಭಿಮಾನ ಉಕ್ಕುತ್ತೆ, ಕೆಲವರಿಗೆ ನೋವಾಗುತ್ತೆ. ಎರಡೂ ನನಗೆ ಗೊತ್ತು. ತರಗತಿಯಲ್ಲಿ ಯಾರನ್ನೂ ದೇವರು ಮಾಡಿಲ್ಲ, ಯಾರನ್ನೂ ರಾಕ್ಷಸ ಮಾಡಿಲ್ಲ. ‘ಮೈಸೂರು ಗೆದ್ದಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು’ ಅಂತ ಒಬ್ಬ ಬರೆದಾಗ, ತಾಯಿ ಕಡೆಯವರು ಕೊಡಗಿನವರಾದ ಹುಡುಗಿ ಎದ್ದು ನಿಂತು, “ಎಲ್ಲರಿಗೂ ಅಂದ್ರೆ ಯಾರಿಗೆ?” ಅಂದಳು. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1790ರಲ್ಲಿ ಇಂಗ್ಲಿಷರ ಕಡೆ ಹೋದದ್ದು ಯಾಕೆ, 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದದ್ದು ಹೇಗೆ, ಇದೆಲ್ಲ ಮಾತಿಗೆ ಬಂತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿಯ ದಂಡ, ಜೊತೆಗೆ ಇಬ್ಬರು ಚಿಕ್ಕ ಮಕ್ಕಳನ್ನೂ ಒತ್ತೆ ಇಡಬೇಕಾದ ಅಪ್ಪ ಟಿಪ್ಪುವಿನ ಬಗ್ಗೆಯೂ ಬಂತು. ಮೈಸೂರಿನಲ್ಲಿ ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಗೆ ಕೂರಿಸಿದ್ದು ಕೋಟೆ ಬಿದ್ದ ಮುಂದಿನ ತಿಂಗಳು. ಹಾಗಾದರೆ ಕೋಟೆ ಬೀಳದೇ ಇದ್ದಿದ್ದರೆ ದಸರಾ ಎಲ್ಲಿ ನಡೀತಿತ್ತು ಅಂತ ಒಬ್ಬಳ ಪ್ರಶ್ನೆ. ಅದಕ್ಕೆ ಇನ್ನೂ ಜಗಳ ನಡೀತಾ ಇದೆ.

ಇನ್ನೊಂದನ್ನು ಹೇಳಲೇಬೇಕು. ಮೊದಲ ಸಲ ಬರೆದಾಗ ಅರ್ಧಕ್ಕರ್ಧ ಮಕ್ಕಳು, ಫ್ರೆಂಚರು ಗೆದ್ದಿದ್ದರೆ ನಮಗೆ ಸ್ವಾತಂತ್ರ್ಯ ಸಿಕ್ಕಿರುತ್ತಿತ್ತು ಅಂತ ಬರೆದಿದ್ದರು. ಅದಕ್ಕೆ ನಾನು ಬೈಯಲಿಲ್ಲ. ಫ್ರೆಂಚರು ಇದ್ದ ಕಡೆ ಏನಾಯಿತು ನೋಡಿ ಅಂದೆ, ಅಷ್ಟೇ. ಅವರು ಹುಡುಕಿಕೊಂಡು ಬಂದರು. ಪುದುಚೇರಿ ಫ್ರೆಂಚರ ಕೈ ಬಿಟ್ಟಿದ್ದು 1954ರಲ್ಲಿ, ನಮಗೆ ಸ್ವಾತಂತ್ರ್ಯ ಬಂದು ಏಳು ವರ್ಷ ಆದ ಮೇಲೆ. ಹೈಟಿಯಲ್ಲಿ ಗುಲಾಮರು 1791ರಲ್ಲಿ ದಂಗೆ ಎದ್ದು ಬಿಡುಗಡೆ ಪಡೆದಿದ್ದರು. ಅಲ್ಲಿಗೆ 1801ರ ಕೊನೆಯಲ್ಲಿ ಸೈನ್ಯ ಕಳಿಸಿದವನು ಇದೇ ನೆಪೋಲಿಯನ್. 1802ರಲ್ಲಿ ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮತ್ತೆ ಕಾನೂನು ಮಾಡಿದವನೂ ಅವನೇ. ನಮ್ಮನ್ನು ಬಿಡಿಸುತ್ತೇನೆ ಅಂತ ಕಾಗದ ಬರೆದ ಕೈ ಅದು. ‘ಬಾಣಲೆಯಿಂದ ಬೆಂಕಿಗೆ’ ಅಂತ ಒಬ್ಬ ಹುಡುಗ ತನ್ನ ಹಳೇ ಪ್ರಬಂಧದ ಮೇಲೆ ತಾನೇ ಕೆಂಪು ಶಾಯಿಯಲ್ಲಿ ಬರೆದುಕೊಂಡು, ಎರಡನೇ ಸಲ ಬೇರೆಯೇ ಬರೆದ. ಇಪ್ಪತ್ತಮೂರು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಒಂದು ಮಗು ಯಾರ ಒತ್ತಾಯವೂ ಇಲ್ಲದೆ ತನ್ನ ಅಭಿಪ್ರಾಯ ತಾನೇ ತಿದ್ದಿಕೊಂಡದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಪರೀಕ್ಷೆ ಬಗ್ಗೆ ನಿಮ್ಮ ಚಿಂತೆ ಅರ್ಥವಾಗುತ್ತೆ. ಈ ಬರವಣಿಗೆಗೆ ತೆಗೆದುಕೊಂಡದ್ದು ಆರು ಪೀರಿಯಡ್. ಪಾಠ ಎಲ್ಲೂ ಹಿಂದೆ ಬಿದ್ದಿಲ್ಲ. ಇದಕ್ಕೆ ಅಂಕ ಇಲ್ಲ. ಬೋರ್ಡ್ ಪರೀಕ್ಷೆಯಲ್ಲಿ ‘ಬಂದಿದ್ದರೆ’ ಅಂತ ಬರೆಯಬಾರದು, ನಡೆದದ್ದನ್ನೇ ಬರೆಯಬೇಕು ಅಂತ ಮಕ್ಕಳಿಗೆ ಸ್ಪಷ್ಟವಾಗಿ ಹೇಳಿದ್ದೇನೆ. ಮೊನ್ನೆ ಕಿರುಪರೀಕ್ಷೆಯಲ್ಲಿ ನಾಲ್ಕನೇ ಮೈಸೂರು ಯುದ್ಧದಲ್ಲಿ ಟಿಪ್ಪು ಸೋತದ್ದಕ್ಕೆ ಕಾರಣ ಕೇಳಿದ್ದೆ. ಯಾರೂ ‘ಬಲ ಜಾಸ್ತಿ ಇತ್ತು’ ಅಂತ ಬರೆದಿರಲಿಲ್ಲ.

ಮನೆಯಲ್ಲಿ ನಿಮ್ಮಿಂದ ಒಂದು ಸಹಾಯ ಬೇಕು. ಮಗು ಇದನ್ನು ಎತ್ತಿದಾಗ ‘ಆಗಿದ್ದಾಯ್ತು ಬಿಡು’ ಅನ್ನಬೇಡಿ. ‘ಹೌದಾ, ಆಧಾರ ಏನು?’ ಅಂತ ಕೇಳಿ. ನಿಮ್ಮ ಮನೆತನದಲ್ಲಿ, ಊರಲ್ಲಿ ಆ ಕಾಲದ ಬಗ್ಗೆ ಹಿರಿಯರು ಹೇಳುತ್ತಿದ್ದ ಮಾತು ಇದ್ದರೆ ಬರೆದು ಕಳಿಸಿ. ಯಾವ ಕಡೆಯ ಮಾತಾದರೂ ಸರಿ, ತರಗತಿಯಲ್ಲಿ ಓದುತ್ತೇವೆ.

ಬರುವ ಭಾನುವಾರ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಕೋಟೆ ಗೋಡೆ ಒಡೆದ ಜಾಗದಲ್ಲಿ ನಿಂತು ನದಿಯ ಅಗಲವನ್ನು ಕಣ್ಣಾರೆ ನೋಡಬೇಕು, ಆಮೇಲೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆ ಮೇಲಿರುವ, 1780ರಲ್ಲಿ ಮೈಸೂರು ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರ. ಬೆಳಿಗ್ಗೆ ಏಳೂವರೆಗೆ ಶಾಲೆಯ ಗೇಟಿನಲ್ಲಿ ಬಸ್ ಹತ್ತಬೇಕು, ಸಂಜೆ ಐದರೊಳಗೆ ವಾಪಸ್. ಬುತ್ತಿ, ನೀರಿನ ಬಾಟಲಿ, ಟೋಪಿ ಕಳಿಸಿ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕೊಡಿ. ನಿಮ್ಮಲ್ಲಿ ನಾಲ್ಕು ಜನ ಜೊತೆಗೆ ಬರುವುದಾದರೆ ಬಸ್ಸಿನಲ್ಲಿ ಜಾಗ ಇದೆ. ಅತ್ತೆ ಮೀಸೆಯ ಗಾದೆ ಹೇಳಿದ ಯಜಮಾನರು ಬಂದರೆ ನನಗೆ ನಿಜವಾಗಲೂ ಸಂತೋಷ. ಮಕ್ಕಳು ಅವರಿಗಾಗಿಯೇ ಆ ದಾರ ಮತ್ತು ಅಟ್ಲಾಸ್ ತರುತ್ತಾರಂತೆ.

ಇತಿ,
ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ